ಮಿಲೋ ಜ್ವಾಳ ಹೌದೋ ಅಲ್ಲೋ

1972ರ ಬರ ಬಿದ್ದಾಗ ನನಗೆ ಹದಿಮೂರು ವರ್ಷ. ಏಳನೇ ಇಯತ್ತೆ ಪಾಸಾಗಿತ್ತು. ಮುಂದಕ್ಕೆ ಕಲಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಪ್ಪ ಅವ್ವನ ಹಿಂದೆ ಖಡಿ ಒಡೆಯುವ ಕೆಲಸಕ್ಕೆ ಹೋದೆ. ನಮ್ಮ ಜತ್ತ ತಾಲೂಕಿನ ಎರಿ ಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಹಗೇವು ತೆಗೆದರೆ ತಳದಾಗ ಬರೀ ಮಣ್ಣಿನ ವಾಸನೆ. ಆಗ ರೇಷನ್ ಅಂಗಡಿಗೆ ಚೀಲಗಟ್ಟಲೆ ಕೆಂಪು ಕಾಳು ಬಂತು. ಅಮೇರಿಕಾದ್ದು ಎಂದರು. ಹೆಸರು ಮಿಲೋ. ನಮ್ಮ ವಾರಿಗೆಯವರಿಗೆ ಆ ಹೆಸರು ಇವತ್ತಿಗೂ ನೆನಪದ.

ನಮ್ಮ ಆಯಿ ಒಂದು ಸೇರು ಮಿಲೋ ಮರದಾಗ ಹಾಕಿ ಕೇರಿದಳು, ನಾಕು ಕಾಳು ಹಲ್ಲಿನಾಗ ಹಿಡಿದು ಕಡಿದಳು, "ಇದು ಜ್ವಾಳ ಅಲ್ಲ" ಅಂದಳು. ಬೀಸಿದರೆ ಹಿಟ್ಟು ಕೆಂಪು. ಕುದಿನೀರು ಹಾಕಿ ನಾದಿದರೂ ಜಿಗಿ ಬರಲಿಲ್ಲ. ಬಡಿಯುವಾಗಲೇ ರೊಟ್ಟಿಯ ಅಂಚು ಹರಿದು ಹೋಗುತ್ತಿತ್ತು. ಅಮೇರಿಕಾದಾಗ ಇದನ್ನ ಹಂದಿಗೆ, ದನಕ್ಕೆ ಹಾಕ್ತಾರಂತ ಎಂದು ಯಾರೋ ಸುದ್ದಿ ತಂದರು. (ಸುದ್ದಿ ಸುಳ್ಳಲ್ಲ. ಅಲ್ಲಿ ಜ್ವಾಳ ಬೆಳೆಯುವುದು ಬಹಳ ಮಾಡಿ ದನದ ಮೇವಿಗೇ.) ಆಯಿಗೆ ಅಷ್ಟೇ ಸಾಕಾಯಿತು. ತಿಂದೆವು, ತಿನ್ನದೆ ಗತಿ ಇರಲಿಲ್ಲ. ಆದರೆ ಆಕೆ ಅದನ್ನು ಒಂದು ದಿನವೂ ಜ್ವಾಳ ಎಂದು ಕರೆಯಲಿಲ್ಲ. "ಆ ಕೆಂಪಂದು" ಅಂತಿದ್ದಳು.

ಗುಡಿಯ ಕಟ್ಟೆ ಮ್ಯಾಲೂ ಇದೇ ವಾದ. ಒಬ್ಬ ಹಿರಿಯರು, "ಕಾಳು ಜ್ವಾಳದ್ದ ಅದನೋ, ಬಣ್ಣ ಬ್ಯಾರೆ ಅಷ್ಟ" ಅನ್ನುವರು. ಇನ್ನೊಬ್ಬರು, "ರೊಟ್ಟಿ ಆಗಲಾರದ್ದು ಹ್ಯಾಂಗ ಜ್ವಾಳ ಆಗ್ತದ?" ಮೂರನೆಯವರು, "ತೆನಿ ನೋಡಿಲ್ಲ, ದಂಟು ನೋಡಿಲ್ಲ, ಸುಮ್ಮನ ಯಾಕ ಮಾತಾಡ್ತೀರಿ. ಬಿತ್ತಿ ನೋಡಬೇಕು." ಬಿತ್ತಲಿಕ್ಕೆ ಮಳೆ ಇರಲಿಲ್ಲ. ವಾದ ಅಲ್ಲಿಗೇ ನಿಂತಿತು. ನನ್ನ ತಲೆಯೊಳಗೆ ಮಾತ್ರ ನಿಲ್ಲಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಆ ಕಟ್ಟೆಯ ಮೇಲಿನ ವಾದ ಮುನ್ನೂರು ವರ್ಷದಿಂದ ದೊಡ್ಡ ಪಂಡಿತರೊಳಗೂ ನಡೆದದ ಎಂದು ನನಗೆ ಗೊತ್ತಾದದ್ದು ಹೋದ ವರ್ಷ. ಮೊಮ್ಮಗಳು ವಿಜ್ಞಾನದ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ತಮ್ಮೊಳಗೆ ಕೂಡಿ ಫಲವಂತ ಸಂತಾನ ಹುಟ್ಟಿಸುವ ಜೀವಿಗಳ ಗುಂಪಿಗೆ ಪ್ರಭೇದ ಅಂತಾರೆ, ಎಂದು ಅದರೊಳಗಿತ್ತು. ಕುದುರೆ ಒಂದು ಪ್ರಭೇದ, ಕತ್ತೆ ಒಂದು ಪ್ರಭೇದ; ಎರಡೂ ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ, ಆದರೆ ಹೇಸರಗತ್ತೆಗೆ ಮರಿ ಆಗುವುದಿಲ್ಲ. "ಮತ್ತ ಜ್ವಾಳಕ್ಕ ಇದು ಹ್ಯಾಂಗ ಹತ್ತತದ ತಂಗಿ?" ಎಂದು ಕೇಳಿದೆ. "ಮುತ್ಯಾ, ಪರೀಕ್ಷಾಕ್ಕ ಕುದುರಿ-ಕತ್ತಿ ಅಷ್ಟ ಬರತಾವು" ಅಂದಳು.

ನಮ್ಮ ವಾಚನಾಲಯಕ್ಕೆ ದಿನಾ ಸಂಜೆ ಬರುವ ನಿವೃತ್ತ ವಿಜ್ಞಾನದ ಗುರುಗಳು ಒಬ್ಬರಿದ್ದಾರೆ. ಅವರನ್ನು ಹಿಡಿದೆ. "ಸರ, ಜ್ವಾಳ ಅಂದ್ರ ಎಷ್ಟು ಪ್ರಭೇದ್ರಿ?" ಅವರು ನಕ್ಕು, "ಯಾವ ಇಸವಿಯೊಳಗ ಕೇಳ್ತೀರಿ ಅನ್ನೂದರ ಮ್ಯಾಲ ಅದ" ಎಂದರು. ಆ ಒಂದು ಮಾತು ಬಿಡಿಸಲಿಕ್ಕೆ ನಮಗೆ ಒಂದು ಮಳೆಗಾಲ ಹಿಡಿಯಿತು. ಇಂಗ್ಲಿಷ್ ನನಗೆ ಬರುವುದಿಲ್ಲ. ಕೆಳಗೆ ಬರುವ ಹೆಸರು, ಇಸವಿ ಅವರು ಓದಿ ಬರೆಸಿದ್ದು. ಹೊಲದ ಮಾತು ನನ್ನದು.

ಹೊಲದಾಗ ನಾವು ಪ್ರಭೇದ ಎನ್ನುವುದಿಲ್ಲ, ಜಾತಿ ಅಂತೀವಿ. ಜ್ವಾಳದ ಜಾತಿ, ಹತ್ತಿಯ ಜಾತಿ, ಎತ್ತಿನ ಜಾತಿ. ಖಿಲಾರಿ ಎತ್ತೂ ಜವಾರಿ ಎತ್ತೂ ಪುಸ್ತಕದ ಲೆಕ್ಕಕ್ಕೆ ಒಂದೇ ಪ್ರಭೇದ. ಮನುಷ್ಯರದೂ ಎಲ್ಲ ಒಂದೇ. ಆ ಲೆಕ್ಕದಲ್ಲಿ ನಮ್ಮ ಊರಿನಲ್ಲಿ ಜಾತಿಯೇ ಇಲ್ಲ ಎಂದು ಗುರುಗಳು ಹೇಳಿದಾಗ ವಾಚನಾಲಯದಾಗ ಇದ್ದವರೆಲ್ಲ ಒಂದು ಗಳಿಗೆ ಸುಮ್ಮನಾದರು. ಗೊಂದಲ ಬ್ಯಾಡ ಎಂದು ನಾನು ಇಲ್ಲಿ ಪ್ರಭೇದ ಎಂದೇ ಬರೆಯುತ್ತೇನೆ.

ಮೊದಲು ಇದಕ್ಕೆ ಒಂದು ಗಟ್ಟಿ ಮಾತು ಹೇಳಿದವರು ಇಂಗ್ಲೆಂಡಿನ ಜಾನ್ ರೇ. ಕಮ್ಮಾರನ ಮಗ. 1686ರಲ್ಲಿ ಹೊರಬಂದ ಗಿಡಗಳ ದೊಡ್ಡ ಪುಸ್ತಕದಲ್ಲಿ ಅವರು ಹೇಳಿದ್ದು ಇಷ್ಟು: ಗಿಡಗಳಲ್ಲಿ ಎಷ್ಟೇ ಫರಕು ಕಾಣಲಿ, ಅವು ಒಂದೇ ಗಿಡದ ಬೀಜದಿಂದ ಬಂದಿದ್ದರೆ ಒಂದೇ ಪ್ರಭೇದ, ಒಂದರ ಬೀಜದಿಂದ ಇನ್ನೊಂದು ಎಂದೂ ಹುಟ್ಟುವುದಿಲ್ಲ. ಇದು ರೈತನ ಮಾತು. ಕಡಲಿ ಬಿತ್ತಿದರೆ ಕಡಲಿ, ಕುಸುಬಿ ಬಿತ್ತಿದರೆ ಕುಸುಬಿ. ಮುಖ ನೋಡಬ್ಯಾಡ, ಬೀಜ ನೋಡು. ಕಟ್ಟೆಯ ಮೇಲೆ ಬಿತ್ತಿ ನೋಡಬೇಕು ಅಂದ ನಮ್ಮ ಹಿರಿಯರು ಜಾನ್ ರೇ ಅವರ ಪಕ್ಷದವರು.

ಆಮೇಲೆ ಸ್ವೀಡನ್ನಿನ ಲಿನೇಯಸ್. ಲೋಕದ ಗಿಡ, ಪ್ರಾಣಿಗಳಿಗೆಲ್ಲ ಎರಡೆರಡು ಶಬ್ದದ ಹೆಸರು ಇಡುವ ಪದ್ಧತಿ ನಿಲ್ಲಿಸಿದವರು. 1753ರ ಅವರ ಪುಸ್ತಕದಲ್ಲಿ ಜ್ವಾಳಕ್ಕೂ ಹೆಸರು ಅದ, ಆದರೆ ಹೋಲ್ಕಸ್ ಎಂಬ ಬೇರೆ ಹುಲ್ಲಿನ ಮನೆತನದೊಳಗೆ ಸೇರಿಸಿಬಿಟ್ಟಿದ್ದರು. 1794ರಲ್ಲಿ ಜರ್ಮನಿಯ ಮೋಂಕ್ ಎಂಬುವರು ಅಲ್ಲಿಂದ ಬಿಡಿಸಿ ಸೋರ್ಗಮ್ ಎಂಬ ಬೇರೆ ಮನೆ ಮಾಡಿಕೊಟ್ಟರು. ದೇವರು ಮೊದಲಿಗೆ ಎಷ್ಟು ಪ್ರಭೇದ ಹುಟ್ಟಿಸಿದನೋ ಅಷ್ಟೇ ಇವತ್ತಿಗೂ ಇವೆ, ಹೊಸದು ಹುಟ್ಟುವುದಿಲ್ಲ ಎಂದು ಲಿನೇಯಸ್ ನಂಬಿದ್ದರು. 1742ರಲ್ಲಿ ಒಬ್ಬ ವಿದ್ಯಾರ್ಥಿ ಒಂದು ಕಾಡುಹೂ ತಂದ. ಎಲೆ, ಕಾಂಡ ಎಲ್ಲ ಅವರಿಗೆ ಪರಿಚಯದ ಗಿಡದ್ದೇ, ಹೂವು ಮಾತ್ರ ಬೇರೆ. ಒಂದು ಬಾಲ ಇರಬೇಕಾದಲ್ಲಿ ಐದು ಬಾಲ. ಯಾವ ಗಿಡದ ಹೂವನ್ನೋ ತಂದು ಇದಕ್ಕೆ ಅಂಟಿಸಿದ್ದಾನೆ ಎಂದು ಅವರಿಗೆ ಮೊದಲು ಅನಿಸಿತಂತೆ. ನಿಜ ಎಂದು ತಿಳಿದ ಮೇಲೆ ಪೆಲೋರಿಯಾ, ಅಂದರೆ ರಾಕ್ಷಸ, ಎಂದು ಹೆಸರಿಟ್ಟರು. ಮುಂದೆ ವಯಸ್ಸಾದಂತೆ ಹೊಸದು ಹುಟ್ಟುವುದಿಲ್ಲ ಎಂಬ ಮಾತನ್ನು ತಮ್ಮ ಪುಸ್ತಕದಿಂದ ಮೆಲ್ಲಗೆ ತೆಗೆದು ಹಾಕಿದರು. ಇದನ್ನು ಕೇಳಿದ ದಿನ ನನಗೆ ಆ ಮನುಷ್ಯನ ಮೇಲೆ ಬಹಳ ಪ್ರೀತಿ ಬಂತು. ಹಾಡಿನಾಗ ತಪ್ಪಿದೆ ಎಂದು ಒಪ್ಪುವ ಮೇಳದ ಮುಖ್ಯಸ್ಥರನ್ನು ನಾನು ಇಬ್ಬರನ್ನೋ ಮೂವರನ್ನೋ ನೋಡಿದ್ದೇನೆ, ಅಷ್ಟೆ.

ಡಾರ್ವಿನ್ ಹೆಸರು ಎಲ್ಲರಿಗೂ ಗೊತ್ತು. 1859ರ ಪುಸ್ತಕಕ್ಕೆ ಮೊದಲು ಅವರು ಎಂಟು ವರ್ಷ ಕಡಲ ಬಂಡೆಗೆ ಅಂಟಿಕೊಳ್ಳುವ ಸಣ್ಣ ಚಿಪ್ಪಿನ ಹುಳಗಳನ್ನು ಹಿಡಿದುಕೊಂಡು ಕೂತಿದ್ದರು. ಇದು ಒಂದು ಪ್ರಭೇದವೋ ಎರಡೋ ಎಂದು ಒಂದು ದಿನ ಬರೆಯುವುದು, ಇನ್ನೊಂದು ದಿನ ಹೊಡೆದು ಹಾಕುವುದು. ಕಡೆಗೆ ಅವರು ಕಂಡುಕೊಂಡದ್ದು, ತಳಿಗೂ ಪ್ರಭೇದಕ್ಕೂ ನಡುವೆ ಗೋಡೆ ಇಲ್ಲ, ಹೆಚ್ಚು ಕಡಿಮೆಯ ಫರಕು ಅಷ್ಟೇ ಎಂದು. ಇವತ್ತಿನ ತಳಿ ಬಹಳ ಕಾಲ ಬೇರೆಯಾಗಿ ಉಳಿದರೆ ನಾಳೆಯ ಪ್ರಭೇದ. ಹಾಗಾದರೆ ಯಾವ ದಿನ ಅದು ತಳಿಯಾಗಿರುವುದು ಬಿಟ್ಟು ಪ್ರಭೇದ ಆಯಿತು? ಮುಂಜಾನೆ ಹೊತ್ತು ಯಾವ ಗಳಿಗೆಗೆ ಮುಗಿದು ಮಧ್ಯಾಹ್ನ ಹತ್ತಿತು ಎಂದು ಕೇಳಿದ ಹಾಗೆ.

ಈಗ ಜ್ವಾಳಕ್ಕೆ ಬರುತ್ತೇನೆ. ಜ್ವಾಳ ಹುಟ್ಟಿದ್ದು ಆಫ್ರಿಕಾದಲ್ಲಿ, ಸುಡಾನ್, ಇಥಿಯೋಪಿಯಾ ಕಡೆಯ ಬಯಲಿನಲ್ಲಿ. ನಮ್ಮ ದೇಶಕ್ಕೆ ಬಂದು ಮೂರು ಸಾವಿರ ವರ್ಷದ ಮೇಲಾಯಿತು. ಅಷ್ಟು ಕಾಲ ನೂರಾರು ಸೀಮೆಯ ಹೆಣ್ಣುಮಕ್ಕಳು ತಮ್ಮ ತಮ್ಮ ಮನಸ್ಸಿಗೆ ಬಂದ ತೆನಿ ಆರಿಸಿ ಬೀಜಕ್ಕೆ ಇಟ್ಟಿದ್ದಾರೆ. ಒಂದು ಕಡೆ ರೊಟ್ಟಿಗೆ, ಒಂದು ಕಡೆ ಗಂಜಿಗೆ, ಒಂದು ಕಡೆ ಸೆರೆ ಇಳಿಸಲಿಕ್ಕೆ, ಒಂದು ಕಡೆ ದಂಟಿನ ಸಿಹಿಗೆ. ನಮ್ಮ ಭಾಗದಲ್ಲೇ ನಾನು ಚಿಕ್ಕವನಿದ್ದಾಗ ಕೇಳಿದ ಹೆಸರು ಎಷ್ಟು! ಮಾಲದಂಡಿ, ದಗಡಿ, ಗುಂಡತೆನಿ, ಕಾಗಿಮೋತಿ, ಅಳ್ಳು ಹುರಿಯುವ ಅಳ್ಳಿನ ಜ್ವಾಳ, ಸೀತನಿಗೆ ಸಕ್ಕರಿ ಮುಕ್ಕರಿ. ಒಂದರ ತೆನಿ ಮುಷ್ಟಿ ಹಿಡಿದ ಹಾಗೆ ಬಿಗಿ, ಒಂದರದು ಕಸಬರಿಗೆಯಂತೆ ಬಿಚ್ಚು. ಒಂದರ ಕೊರಳು ನೆಟ್ಟಗೆ, ಒಂದರದು ಬಾಗಿ ನೆಲ ನೋಡುತ್ತದೆ.

ಸ್ನೋಡನ್ ಎಂಬ ಇಂಗ್ಲಿಷರವರು ಆಫ್ರಿಕಾದ ಉಗಾಂಡಾದಲ್ಲಿ ಒಕ್ಕಲುತನದ ಖಾತೆಯಲ್ಲಿ ಕೆಲಸ ಮಾಡಿದವರು. ಅವರು ಆಫ್ರಿಕಾದ್ದು, ಹಿಂದುಸ್ತಾನದ್ದು ಎಂದು ಒಣಗಿಸಿ ಕಳಿಸಿದ ತೆನಿಗಳನ್ನೆಲ್ಲ ಲಂಡನ್ ಹತ್ತಿರದ ಕ್ಯೂ ತೋಟದಲ್ಲಿ ಇಟ್ಟುಕೊಂಡು ಒಂದೊಂದೇ ನೋಡಿದರು. ಕಾಳು ಎಷ್ಟು ದಪ್ಪ, ಅದನ್ನು ಹಿಡಿದ ಸಿಪ್ಪೆ ಎಷ್ಟು ಉದ್ದ, ಕಾಳು ಸಿಪ್ಪೆಯಿಂದ ಎಷ್ಟು ಹೊರಗೆ ಬಂದಿದೆ, ತೆನಿ ಬಿಗಿಯೋ ಬಿಚ್ಚೋ. 1936ರಲ್ಲಿ ಅವರ ಪುಸ್ತಕ ಬಂತು. ಹೊಲದ ಜ್ವಾಳವನ್ನು ಅವರು 31 ಪ್ರಭೇದ ಮಾಡಿದರು. ಅದರೊಳಗೆ 157 ಬಗೆ, ಅದರೊಳಗೆ 571 ಒಳಬಗೆ. ಕಾಡಿನ ಜ್ವಾಳದ್ದು ಇದರ ಹೊರತು. ಈ ಲೆಕ್ಕದಲ್ಲಿ ನಮ್ಮ ಆಯಿ ಪಂಡಿತಳೇ ಸೈ. ಹಿಂಗಾರಿ ಬಿಳಿ ಜ್ವಾಳ ಬೇರೆ ಪ್ರಭೇದ, ಮಿಲೋ ಬೇರೆ ಪ್ರಭೇದ.

ಮಜಾ ಏನೆಂದರೆ, ಅದೇ ಹತ್ತು ವರ್ಷದೊಳಗೆ ನಮ್ಮ ಮಗ್ಗುಲಿನ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಒಕ್ಕಲುತನದ ಕೇಂದ್ರದವರು ರೈತರ ಮಾಲದಂಡಿ ತೆನಿಗಳನ್ನು ಆರಿಸಿ ಆರಿಸಿ ಎಂ 35-1 ಎಂಬ ಬೀಜ ತೆಗೆದರು. ಇವತ್ತಿಗೂ ನಾವು ಹಿಂಗಾರಿಗೆ ಕೂರಿಗಿ ಹೂಡುವುದು ಅದರ ಮೇಲೆಯೇ. ಅವರು ಇದು ಎಷ್ಟನೇ ಪ್ರಭೇದ ಎಂದು ಕೇಳಲಿಲ್ಲ. ಬರಕ್ಕೆ ತಾಳುತ್ತದೋ, ರೊಟ್ಟಿ ಮೆತ್ತಗೆ ಆಗುತ್ತದೋ, ಕಣಕಿಯನ್ನು ಎತ್ತು ತಿನ್ನುತ್ತದೋ, ಇಷ್ಟೇ ನೋಡಿದರು.

ಈಗ ನನ್ನ ಕಳ್ಳತನ.

1973ರಲ್ಲಿ ಮಳೆ ಆಯಿತು. ಹಿಂಗಾರಿ ಬಿತ್ತಿಗಿ ಆಯಿತು. ಆಯಿ ತನ್ನ ಸಕ್ಕರಿ ಮುಕ್ಕರಿ ಬೀಜವನ್ನು ಬರದಾಗೂ ತಿಂದಿರಲಿಲ್ಲ. ಬೂದಿ ಹಚ್ಚಿ ಬೇವಿನೆಲಿ ಹಾಕಿ ಗಡಗಿಯೊಳಗೆ ಬಾಯಿ ಕಟ್ಟಿ ಇಟ್ಟಿದ್ದಳು. ಅಪ್ಪ ಒಂದು ಸಲ ಆ ಗಡಗಿಗೆ ಕೈ ಹಾಕಿದ್ದಕ್ಕೆ ಎರಡು ದಿನ ಆತನ ಸಂಗಾಟ ಮಾತಾಡಿರಲಿಲ್ಲ. ಬಾವಿ ಮಗ್ಗುಲಿನ ತುಣುಕಿನಲ್ಲಿ ಅದನ್ನು ಬಿತ್ತಿದಳು. ನಾನು ರೇಷನ್ನಿನ ಮಿಲೋ ಒಂದು ಮುಷ್ಟಿ ಕಡ್ಡಿಪೆಟ್ಟಿಗೆಯಲ್ಲಿ ಮುಚ್ಚಿ ಇಟ್ಟಿದ್ದೆ. ಹದಿನೈದು ದಿನ ತಡ ಮಾಡಿ, ಅದೇ ತುಣುಕಿನ ವಡ್ಡಿನ ಬದಿಗೆ ಊರಿದೆ. ಕಟ್ಟೆಯ ವಾದ ನಾನೇ ಮುಗಿಸಬೇಕು ಎಂದು ಹಟ.

ಹುಟ್ಟಿತು. ಎಲಿ ಜ್ವಾಳದ್ದೇ. ಆದರೆ ಸೊಂಟದ ಮೇಲೆ ಏರಲಿಲ್ಲ. ಆಯಿಯ ಜ್ವಾಳ ಆಳೆತ್ತರ ಮೀರಿ ನಿಂತರೆ ಇದು ಅದರ ಬುಡದಲ್ಲಿ ಕೂಸಿನ ಹಾಗೆ. ಎರಡಕ್ಕೂ ಒಂದೇ ವಾರದಲ್ಲಿ ಹೂ ಹಿಡಿಯಿತು. ಆಯಿ ನೋಡಿ, "ಇದ್ಯಾವ ಕುಳ್ಳನಪಾ" ಅಂದಳು. ನಾನು, "ಆಯಿ, ಆ ಕೆಂಪಂದು. ಜ್ವಾಳನ ಅದ ನೋಡು" ಅನ್ನಬೇಕೆಂದು ಬಾಯಿ ತೆಗೆದೆ, ಬೈತಾಳೆಂದು ಸುಮ್ಮನಾದೆ. ಎಳ್ಳಮಾಸಿಗೆ ಚರಗ ಚೆಲ್ಲಿ, ಕುಳ್ಳಿನ ಕೆಂಡದಾಗ ಸೀತನಿ ಸುಟ್ಟು ತಿಂದೆವು. ಬರ ಕಳೆದ ಮೇಲಿನ ಮೊದಲ ಸೀತನಿ ಅದು. ಆ ರುಚಿ ಬರೆಯಲಿಕ್ಕೆ ನನಗೆ ಬರುವುದಿಲ್ಲ. ಆಯಿ ಯಾವತ್ತಿನಂತೆ ನಡುವಿನ ಸಾಲಿನಿಂದ ಇಪ್ಪತ್ತು ತೆನಿ ಬೀಜಕ್ಕೆ ಆರಿಸಿದಳು. ಎಲ್ಲ ಬೆಳ್ಳಗೆ, ದುಂಡಗೆ, ಹೆಸರಿಡುವಂತಿರಲಿಲ್ಲ.

ಮರುವರ್ಷ ಅದೇ ಬೀಜದಿಂದ ಹುಟ್ಟಿದ ಜ್ವಾಳದ ನಡುವೆ ಅಲ್ಲೊಂದು ಇಲ್ಲೊಂದು ದಂಟು ಎಲ್ಲದಕ್ಕಿಂತ ಸೊಕ್ಕಿ ಬೆಳೆಯಿತು. ತೆನಿ ಬಂದಾಗ ಕಾಳು ಕೆಂಪು. ಮಿಲೋದ ಗಿಡ್ಡ ಅಲ್ಲ, ನಮ್ಮ ಬಿಳಿ ಅಲ್ಲ, ಯಾರೂ ನೋಡದ ಮೂರನೇದು. ಆಯಿ ಕಿತ್ತು ಒಗೆದಳು. ಅದರ ಮರುವರ್ಷ ಇನ್ನೂ ಅತಂತ್ರ: ಗಿಡ್ಡ, ಉದ್ದ, ಕೆಂಪು, ಬಿಳಿ, ಸೀತನಿಗೆ ಸಿಹಿ ಇಲ್ಲದ್ದು, ಎಲ್ಲ ಕಲಸಿ. "ನನ್ನ ಬೀಜ ಕೆಟ್ಟಿತು. ಯಾರ ಕಣ್ಣು ಬಿತ್ತೋ" ಅಂದಳು. 1976ಕ್ಕೆ ಗಡಗಿ ತೊಳೆದು ಬೋರಲು ಹಾಕಿದಳು. ಆಕೆ ಸಾಯುವ ತನಕ ನಾನು ಹೇಳಲಿಲ್ಲ.

ಇದು ಹ್ಯಾಂಗ ಆಯಿತು ಎಂದು ಐವತ್ತು ವರ್ಷದ ಮೇಲೆ ಗುರುಗಳು ಬಿಡಿಸಿ ಹೇಳಿದರು. ಜ್ವಾಳ ಬಹಳ ಮಾಡಿ ತನ್ನ ಹೂವಿನ ಪುಡಿಯಿಂದಲೇ ಕಾಳು ಕಟ್ಟುತ್ತದೆ. ಆದರೂ ನೂರು ಕಾಳಿಗೆ ಐದರಿಂದ ಹದಿನೈದು ಗಾಳಿಯಲ್ಲಿ ಬಂದ ಮಂದಿಯ ಪುಡಿಯಿಂದ ಕಟ್ಟಬಹುದು. ಹಂಗ ಕಟ್ಟಿದ ಕಾಳು ನೋಡಲಿಕ್ಕೆ ಉಳಿದ ಕಾಳಿನ ಹಾಗೇ ಇರುತ್ತದೆ, ಯಾಕೆಂದರೆ ಕಾಳಿನ ಮೇಲಿನ ಸಿಪ್ಪೆ ತಾಯಿಯ ಮೈಯದು. ತಂದೆಯ ಬಣ್ಣ ಕಾಣುವುದು ಅದನ್ನು ಬಿತ್ತಿ, ಆ ಗಿಡ ತೆನಿ ಹಾಕಿದಾಗ. ಬೀಜ ಆರಿಸುವುದರಲ್ಲಿ ಆಯಿಯ ಕಣ್ಣು ತಪ್ಪಿರಲಿಲ್ಲ. ಆ ಇಪ್ಪತ್ತು ತೆನಿಯ ಮೇಲೆ ಹೊರಗೆ ಕಾಣುವಂಥ ಗುರುತೇ ಇರಲಿಲ್ಲ.

ಈಗ ಮತ್ತೆ ಪಂಡಿತರ ಕಡೆ. ಮೊಮ್ಮಗಳ ಪುಸ್ತಕದ ಮಾತಿಗೆ ಬಲ ಕೊಟ್ಟವರು ಎರ್ನ್‌ಸ್ಟ್ ಮೇಯರ್. ಜರ್ಮನಿಯಲ್ಲಿ ಹುಟ್ಟಿ ಅಮೇರಿಕಾಕ್ಕೆ ಹೋದವರು, ನೂರು ವರ್ಷ ಬದುಕಿದರು. ಚಿಕ್ಕ ವಯಸ್ಸಿನಲ್ಲಿ, 1928ರಲ್ಲಿ, ನ್ಯೂಗಿನಿಯ ಕಾಡಿಗೆ ಹಕ್ಕಿ ಹುಡುಕಲು ಹೋಗಿದ್ದರು. ಅವರ ಲೆಕ್ಕಕ್ಕೆ ಅಲ್ಲಿ 137 ಪ್ರಭೇದದ ಹಕ್ಕಿ. ಆರ್ಫಾಕ್ ಬೆಟ್ಟದ ಜನರನ್ನು ಕೇಳಿದರೆ ಅವರಲ್ಲಿ 136 ಹೆಸರು! ಓದು ಬರಹ ಇಲ್ಲದ ಬೇಟೆಗಾರರು ಒಂದೇ ಒಂದು ಕಡೆ ಎರಡು ಹಕ್ಕಿಗೆ ಒಂದೇ ಹೆಸರು ಇಟ್ಟಿದ್ದರು. ಪ್ರಭೇದ ಎನ್ನುವುದು ಪಂಡಿತರ ಕಾಗದದ ಮೇಲಿನ ಗೆರೆ ಅಷ್ಟೇ ಅಲ್ಲ, ಕಾಡಿನಲ್ಲೇ ಇದೆ ಎಂದು ಮೇಯರ್‌ಗೆ ಇದರಿಂದ ಗಟ್ಟಿ ಆಯಿತು. 1942ರ ಪುಸ್ತಕದಲ್ಲಿ ಅವರು ಹೇಳಿದರು: ಮುಖ ನೋಡಿ ಹೇಳಬೇಡಿ, ತಮ್ಮೊಳಗೆ ಕೂಡುವ, ಬೇರೆಯವರ ಸಂಗಡ ಕೂಡದ ಗುಂಪು ಯಾವುದೋ ಅದೇ ಪ್ರಭೇದ.

ಈ ಮಾತಿನಿಂದ ನೋಡಿದರೆ ಸ್ನೋಡನ್ನರ 31 ನಿಲ್ಲುವುದಿಲ್ಲ, ಯಾಕೆಂದರೆ ಆ 31ರಲ್ಲಿ ಯಾವುದನ್ನು ಯಾವುದರ ಮಗ್ಗುಲಿಗೆ ಬಿತ್ತಿದರೂ ಕೂಡುತ್ತದೆ, ಹುಟ್ಟಿದ್ದು ಮತ್ತೆ ಕಾಳು ಕಟ್ಟುತ್ತದೆ. ಅಮೇರಿಕಾದವರು 1950ರ ದಶಕದಲ್ಲಿ ಮಿಲೋ ಮತ್ತು ಕಾಫಿರ್ ಎಂಬ ಎರಡನ್ನು ಕೂಡಿಸಿಯೇ ಹೈಬ್ರಿಡ್ ಹುಟ್ಟಿಸಿದ್ದರು. 1964ರಲ್ಲಿ ನಮ್ಮ ದೇಶದಲ್ಲಿ ಬಂದ ಮೊದಲ ಹೈಬ್ರಿಡ್ ಜ್ವಾಳ ಸಿಎಸ್‌ಎಚ್-1ರ ತಾಯಿಯೂ ಆ ಕಾಫಿರ್ ತಳಿಯೇ. ಪುಸ್ತಕದಲ್ಲಿ ಎರಡು ಪ್ರಭೇದ, ಹೊಲದಲ್ಲಿ ಗಂಡ ಹೆಂಡತಿ. ಕಡೆಗೆ ಹಾರ್ಲನ್ ಮತ್ತು ಡಿ ವೆಟ್ ಎಂಬ ಇಬ್ಬರು ಅಮೇರಿಕಾದಲ್ಲಿ ಅದನ್ನೆಲ್ಲ ಒಟ್ಟು ಮಾಡಿ, ಹೊಲದ ಜ್ವಾಳವೆಲ್ಲ ಒಂದೇ ಪ್ರಭೇದ, ಸೋರ್ಗಮ್ ಬೈಕಲರ್, ಅದರೊಳಗೆ ಐದು ಕುಲ ಎಂದರು: ಬೈಕಲರ್, ಗಿನಿ, ಕೌಡೇಟಮ್, ಕಾಫಿರ್, ದುರ್ರಾ. ಇವು ಒಂದಕ್ಕೊಂದು ಬೆರೆತದ್ದು ಇನ್ನೂ ಹತ್ತು. ನಮ್ಮ ಕೊರಳು ಬಾಗಿದ ಹಿಂಗಾರಿ ಬಿಳಿ ಜ್ವಾಳ ದುರ್ರಾ ಕುಲದ್ದು.

ಅವರು ಇದನ್ನು ಅಚ್ಚು ಹಾಕಿಸಿದ ಇಸವಿ ಕೇಳಿ ನಾನು ಗುರುಗಳಿಗೆ ಎರಡು ಸಲ ಓದಿಸಿದೆ. 1972. ನಮ್ಮ ಆಯಿ ಮರದಾಗ ಮಿಲೋ ಹಾಕಿಕೊಂಡು ಇದು ಜ್ವಾಳ ಅಲ್ಲ ಅಂದ ವರ್ಷವೇ.

ಇಲ್ಲಿಗೆ ಮುಗಿಯಿತು, ಮೇಯರ್ ಗೆದ್ದರು ಎಂದು ನಾನು ಎದ್ದೆ. ಗುರುಗಳು ಕೂಡಿಸಿದರು. "ಕಾಲುವೆ ದಂಡಿಗೆ ಜ್ವಾಳದಂಥಾ ಹುಲ್ಲು ಬೆಳೀತದಲ್ಲ, ನೋಡೀರಿಲ್ಲ?" ನೋಡಿದ್ದೇನೆ, ಕಿತ್ತು ಕಿತ್ತು ಬೆನ್ನು ಹೋಗಿದೆ. ಬೇರಿನ ಒಂದು ಗೆಣ್ಣು ಮಣ್ಣಿನಾಗ ಉಳಿದರೂ ಮತ್ತೆ ಏಳುತ್ತದೆ. ಲೋಕದಲ್ಲಿ ಅದಕ್ಕೆ ಜಾನ್ಸನ್ ಹುಲ್ಲು ಎನ್ನುತ್ತಾರೆ, 1840ರ ಸುಮಾರಿಗೆ ಅಮೇರಿಕಾದ ಅಲಬಾಮಾದಲ್ಲಿ ಜಾನ್ಸನ್ ಎಂಬ ಕರ್ನಲ್ ಅದನ್ನು ದನಕ್ಕೆ ಮೇವು ಎಂದು ಬಿತ್ತಿದ್ದಕ್ಕೆ. ಇದಕ್ಕೆ ಪ್ರಭೇದ ಬೇರೆ, ಹೆಸರು ಬೇರೆ. ಯಾರೂ ಜಗಳ ಮಾಡುವುದಿಲ್ಲ. ಬೀಜದ ಒಳಗೆ ನೂಲಿನಂಥ ವರ್ಣತಂತು ಇರುತ್ತವೆ. ಜ್ವಾಳಕ್ಕೆ 20, ಈ ಹುಲ್ಲಿಗೆ 40. ಕುದುರೆಗೆ 64, ಕತ್ತೆಗೆ 62, ಅದಕ್ಕೇ ಹೇಸರಗತ್ತೆಗೆ 63 ಬಂದು ಜೋಡಿ ಕೂಡದೆ ಮರಿ ಆಗುವುದಿಲ್ಲ. ಇಷ್ಟು ದೊಡ್ಡ ಫರಕಿರುವ ಜ್ವಾಳ ಮತ್ತು ಹುಲ್ಲು ಕೂಡಲೇಬಾರದು. ಆದರೆ ಕೂಡುತ್ತವೆ. ಒಮ್ಮೊಮ್ಮೆ ಜ್ವಾಳ ತನ್ನ ಪಾಲಿನ ಅರ್ಧ ಕೊಡುವ ಬದಲು ಪೂರಾ 20 ಕೊಟ್ಟುಬಿಡುತ್ತದೆ, ಆಗ ಹುಟ್ಟಿದ್ದಕ್ಕೆ 40 ಆಗಿ ಬೀಜ ಕಟ್ಟುತ್ತದೆ. ಹಿಂಗೆ ಕೂಡಿ ಹುಟ್ಟಿದ್ದು ಎನ್ನಲಾದ ಒಂದು ಹುಲ್ಲಿಗೆ ಅರ್ಜೆಂಟೀನಾದ ಪರೋಡಿ ಎಂಬುವರು 1943ರಲ್ಲಿ ಮತ್ತೊಂದು ಹೊಸ ಪ್ರಭೇದದ ಹೆಸರೇ ಇಟ್ಟರು. ಅಷ್ಟೇ ಅಲ್ಲ, ಆ ಜಾನ್ಸನ್ ಹುಲ್ಲು ತಾನೇ ಹಿಂದೊಂದು ಕಾಲಕ್ಕೆ ನಮ್ಮ ಜ್ವಾಳದ ಕುಲಕ್ಕೂ ಇನ್ನೊಂದು ಕಾಡು ಹುಲ್ಲಿಗೂ ಹುಟ್ಟಿದ ಕೂಸು. ಹಾಗಾದರೆ ಮೇಯರ್ ಅವರ ಬೇಲಿ ಎಲ್ಲಿ ಹಾಕಬೇಕು?

ಬಾಳಿಗೆ ಅಂತೂ ಆ ಬೇಲಿ ಹತ್ತುವುದೇ ಇಲ್ಲ. ತಿನ್ನುವ ಬಾಳಿಗೆ ಬೀಜವೇ ಇಲ್ಲ, ಮರಿಗಡ್ಡಿಯಿಂದ ಬೆಳೆಯುತ್ತದೆ. ಯಾರ ಸಂಗಡ ಕೂಡುತ್ತದೆ ಎಂದು ಕೇಳುವುದೇ ದಂಡ. ಕಣ್ಣಿಗೆ ಕಾಣದ ರೋಗಾಣುಗಳು ಒಂದು ಎರಡಾಗಿ ಸೀಳಿ ಬೆಳೆಯುತ್ತವೆ. ಕಲ್ಲಾಗಿ ಸಿಕ್ಕ ಹಳೆಯ ಪ್ರಾಣಿಗಳನ್ನು ಕೂಡಿಸಿ ನೋಡುವವರು ಯಾರು? ಅದಕ್ಕೇ ಈಗ ಪ್ರಭೇದಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಬೇರೆ ಬೇರೆ ವ್ಯಾಖ್ಯೆ ಇವೆಯಂತೆ. ಹಕ್ಕಿಯವರಿಗೆ ಒಂದು, ಹುಲ್ಲಿನವರಿಗೆ ಒಂದು, ಕಲ್ಲಿನವರಿಗೆ ಒಂದು.

ಹಕ್ಕಿಯದೊಂದು ಕಥೆ ಹೇಳದೆ ಬಿಡಲಾರೆ, ಯಾಕೆಂದರೆ ಅದು ಹಾಡಿನ ಕಥೆ. ಹಸಿರು ಬಣ್ಣದ ಒಂದು ಸಣ್ಣ ಉಲಿಯಕ್ಕಿ ಚಳಿಗಾಲಕ್ಕೆ ನಮ್ಮ ದಕ್ಷಿಣದ ಕಾಡುಗಳಿಗೆ ಬರುತ್ತದೆ. ಗೂಡು ಕಟ್ಟುವುದು ಹಿಮಾಲಯದಲ್ಲಿ ಮತ್ತು ಅದರ ಆಚೆ. ಟಿಬೇಟಿನ ಎತ್ತರದ ಬಯಲಿನಲ್ಲಿ ಗಿಡ ಇಲ್ಲ, ಅಲ್ಲಿ ಬದುಕಲಾರದು. ಹಿಮಾಲಯದಿಂದ ಒಂದು ಸಾಲು ಪಶ್ಚಿಮಕ್ಕೆ ಕಾಶ್ಮೀರ, ಮಧ್ಯ ಏಷ್ಯಾ ಹಿಡಿದು ಉತ್ತರಕ್ಕೆ ಹೋಗಿದೆ, ಇನ್ನೊಂದು ಸಾಲು ಪೂರ್ವಕ್ಕೆ ಚೀನಾ ಹಿಡಿದು ಉತ್ತರಕ್ಕೆ. ಎರಡೂ ಸಾಲು ಸೈಬೀರಿಯಾದಲ್ಲಿ ಮತ್ತೆ ಮುಖಾಮುಖಿ ಆಗುತ್ತವೆ. ದಾರಿಯುದ್ದಕ್ಕೂ ಒಂದು ಕಾಡಿನ ಹಕ್ಕಿ ಮಗ್ಗುಲ ಕಾಡಿನ ಹಕ್ಕಿಯ ಹಾಗೇ ಹಾಡುತ್ತದೆ, ಸ್ವಲ್ಪ ಫರಕು. ಆ ಸ್ವಲ್ಪ ಸ್ವಲ್ಪ ಕೂಡಿ ಕೂಡಿ ಸೈಬೀರಿಯಾಕ್ಕೆ ಬರುವಷ್ಟರಲ್ಲಿ ಎರಡು ತುದಿಯ ಹಾಡು ಎಷ್ಟು ಬೇರೆ ಆಗಿವೆ ಎಂದರೆ, ಇದರ ಹಾಡಿಗೆ ಅದು ಓಗೊಡುವುದಿಲ್ಲ. ಜೋಡಿ ಆಗುವುದಿಲ್ಲ. ಇದನ್ನು ಹಾಡು ಹಿಡಿದು ತೂಗಿ ನೋಡಿ 2001ರಲ್ಲಿ ಅಚ್ಚು ಹಾಕಿಸಿದ್ದಾರೆ. ತುದಿ ನೋಡಿದರೆ ಎರಡು ಪ್ರಭೇದ, ನಡುವಿನ ದಾರಿ ನೋಡಿದರೆ ಎಲ್ಲಿಯೂ ಕಡಿಯುವ ಜಾಗ ಇಲ್ಲ. (ಆಮೇಲೆ 2014ರಲ್ಲಿ ರಕ್ತದ ಗುರುತು ನೋಡಿದವರು, ದಾರಿಯಲ್ಲಿ ಹಿಂದೆ ಕೆಲವು ಕಡೆ ಕಡಿದದ್ದೂ ಇದೆ, ತುದಿಯಲ್ಲಿ ಸ್ವಲ್ಪ ಬೆರೆತದ್ದೂ ಇದೆ ಎಂದರು. ಅಲ್ಲಿಯೂ ಲೆಕ್ಕ ಪೂರಾ ಕೂಡಲಿಲ್ಲ.)

ನಾನು ಹಂತಿ ಪದ ಹಾಡುವವನು. ಈಗ ಕಣವೇ ಇಲ್ಲ, ಮಷೀನು ಬಂದದ, ಕಾರ್ಯಕ್ರಮದಾಗ ಹಾಡ್ತೀನಿ. ನಮ್ಮ ಪದವನ್ನು ಚಡಚಣದವರು ಎತ್ತುತ್ತಾರೆ, ಚಡಚಣದವರದನ್ನು ಇಂಡಿಯವರು, ಇಂಡಿಯವರದನ್ನು ಅಫಜಲಪುರದವರು. ಆದರೆ ಒಂದು ಸಲ ದೂರದ ಒಂದು ಊರಿಗೆ ಹೋಗಿ ಅದೇ ಪದ ಎತ್ತಿದಾಗ ಅಲ್ಲಿಯ ಹಿಮ್ಮೇಳದವರು ನನ್ನ ಮುಖ ನೋಡುತ್ತಾ ಕೂತರು. ಧಾಟಿ ಹತ್ತಲಿಲ್ಲ. ಕಡೆಗೆ ಅವರು ತಮ್ಮದು ಹಾಡಿದರು, ಕೇಳಿದರೆ ನಡುನಡುವೆ ನಮ್ಮ ಸಾಲೇ! ಆ ಹಕ್ಕಿಯ ಕಥೆ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಜ್ವಾಳವನ್ನು ಒಂದು ಮಾಡಿದ ಅದೇ ಹಾರ್ಲನ್, ಡಿ ವೆಟ್ ಹಿಂದಿನ ವರ್ಷ, 1971ರಲ್ಲಿ, ಬೆಳೆಗಳಿಗೆ ಬೇರೆ ಥರದ ಲೆಕ್ಕ ಹೇಳಿದ್ದರು. ಇದು ಯಾವ ಪ್ರಭೇದ ಎಂದು ಕೇಳುವುದನ್ನು ಬಿಡಿ, ಇದು ಯಾರ ಸಂಗಡ ಎಷ್ಟು ಸುಲಭ ಕೂಡುತ್ತದೆ ಎಂದು ಕೇಳಿ. ಸಲೀಸಾಗಿ ಕೂಡುವವು ಒಂದು ಸುತ್ತು, ಕಷ್ಟಪಟ್ಟು ಕೂಡುವವು ಎರಡನೇ ಸುತ್ತು, ಮನುಷ್ಯರು ಏನೇನೋ ಯುಕ್ತಿ ಮಾಡಿದರೆ ಮಾತ್ರ ಕೂಡುವವು ಮೂರನೇದು. ಮಿಲೋ ಮತ್ತು ಸಕ್ಕರಿ ಮುಕ್ಕರಿ ಮೊದಲ ಸುತ್ತಿನವು, ಜಾನ್ಸನ್ ಹುಲ್ಲು ಎರಡನೇದು. ನನಗೆ ಈ ಲೆಕ್ಕ ಸರಿ ಕಂಡಿತು. ಬೀಜ ಉಳಿಸಬೇಕಾದವನಿಗೆ ಬೇಕಾದದ್ದು ಇದೇ: ಯಾರ ಮಗ್ಗುಲಿಗೆ ಬಿತ್ತಬಾರದು.

ಆಯಿಯನ್ನು ನಾನು ಈಗ ತಪ್ಪು ಎನ್ನುವುದಿಲ್ಲ. ರೊಟ್ಟಿಯ ಹಂಚಿನ ಮೇಲೆ ಮಿಲೋ ಜ್ವಾಳ ಅಲ್ಲ, ಅದು ಖರೆ. ಹೂ ಹಿಡಿದ ಹೊತ್ತಿನಲ್ಲಿ ಮಿಲೋ ಜ್ವಾಳವೇ, ಅದೂ ಖರೆ. ಆಕೆಯ ಗಡಗಿ ಬೋರಲಾದದ್ದು ಎರಡನೇ ಖರೆಯಿಂದ.

ಮೂರು ವರ್ಷದ ಹಿಂದೆ ಇಂಡಿ ತಾಲೂಕಿನ ಬೀಗರ ಮನೆಯಲ್ಲಿ ಸಕ್ಕರಿ ಮುಕ್ಕರಿ ಎನ್ನುವ ಹೆಸರು ಕೇಳಿದೆ. ಒಂದು ಮುಷ್ಟಿ ಬೇಡಿ ತಂದೆ. ಬಾವಿ ಮಗ್ಗುಲಿನ ಅದೇ ತುಣುಕಿಗೆ ಬಿತ್ತುತ್ತೇನೆ. ತೆನಿ ಹೊರಬಂದು ಹೂ ಬಿಚ್ಚುವ ಮೊದಲೇ ಕಾಗದದ ಚೀಲ ಹಾಕಿ ಬುಡಕ್ಕೆ ದಾರ ಕಟ್ಟಿದರೆ ಹೊರಗಿನ ಪುಡಿ ಬೀಳುವುದಿಲ್ಲ ಎಂದು ಗುರುಗಳು ತೋರಿಸಿಕೊಟ್ಟರು. ದಾರಿಯಲ್ಲಿ ಹೋಗುವವರು "ಜ್ವಾಳಕ್ಕ ಕುಲಾಯಿ ಹಾಕ್ಯಾರ ನೋಡ್ರಿ" ಎಂದು ನಗುತ್ತಾರೆ. ಇದು ಆಯಿಯ ಜ್ವಾಳವೇ ಹೌದೋ, ಬರೀ ಹೆಸರು ಒಂದೋ, ನಾನು ಹೇಳಲಾರೆ. ಸೀತನಿ ತಿಂದಾಗ ಅಷ್ಟು ಸಿಹಿ ಇಲ್ಲ ಎನಿಸಿತು. ಹಾಗೆಂದದ್ದಕ್ಕೆ ಮನೆಯಾಕೆ, "ನಿಮ್ಮ ನಾಲಿಗಿಗೂ ಅರವತ್ತಾರು ವರ್ಷ ಆಗ್ಯಾವ್ರಿ" ಅಂದಳು. ಈ ಸಲ ಹನ್ನೊಂದು ತೆನಿಗೆ ಕುಲಾಯಿ ಕಟ್ಟೇನಿ.